ಹೊಳೆಗೆ ಹೇಳಿದ ಕಡಲಿನ ಮಾತು

ಕಳೆದ ಜುಲೈನಲ್ಲಿ ನಿಪ್ಪಾಣಿಯ ನನ್ನ ಶಾಲೆಯಲ್ಲಿ ಆರನೆಯ ತರಗತಿಯ ನೋಟ್‌ಬುಕ್ಕುಗಳನ್ನು ತಿದ್ದುತ್ತ ಕೂತಿದ್ದೆ. ಪದಗಳ ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದು ಕೊಟ್ಟಿದ್ದ ಮನೆಗೆಲಸ. ಹೊರಗೆ ಜಿಟಿಜಿಟಿ ಮಳೆ. ರಾಯಬಾಗದ ಹೊಳೆಸಾಲಿನಿಂದ ಬಂದು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುವ ಒಬ್ಬ ಹುಡುಗಿಯಿದ್ದಾಳೆ. ಅವಳ ನೋಟ್‌ಬುಕ್ಕಿನಲ್ಲಿ ಹೀಗಿತ್ತು: 'ಇಳಿತ – ಸಮುದ್ರದ ನೀರು ಹಿಂದಕ್ಕೆ ಸರಿಯುವುದು. ವಾಕ್ಯ – ಹೊಳೆಯ ಇಳಿತವಾದ ಮೇಲೆ ನಮ್ಮ ಮನೆ ಇರಲಿಲ್ಲ.'

ಅರ್ಥ ಸರಿಯಾಗಿತ್ತು. ವಾಕ್ಯ ತಪ್ಪು ಎನ್ನಬೇಕು. ಭರತಿ ಇಳಿತಗಳು ಕಡಲಿನವು, ಘಟ್ಟದ ಮೇಲಿನ ಕೃಷ್ಣೆಗೆ ಅವಿಲ್ಲ. ಆದರೆ ಅದೇ ಮಾತನ್ನು ಅದೇ ಹೊಳೆಗೆ ನಾನೂ ಒಮ್ಮೆ ಬಳಸಿದ್ದೆ. ನೋಟ್‌ಬುಕ್ಕಿನಲ್ಲಲ್ಲ, ನನ್ನನ್ನು ನಂಬಿದ್ದ ಇಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದೆ. ಪುಟಕ್ಕೆ ಸರಿ ಗುರುತನ್ನೂ ಹಾಕದೆ ತಪ್ಪು ಗುರುತನ್ನೂ ಹಾಕದೆ ನೋಟ್‌ಬುಕ್ಕು ಮುಚ್ಚಿಟ್ಟೆ.

ನಾನು ಅಂಕೋಲೆಯ ಕಡೆಯವಳು. ಅಪ್ಪ ಸಣ್ಣ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದ. ನಮ್ಮ ಮನೆ ಅಳಿವೆಯ ಪಕ್ಕ, ಹೊಳೆ ಕಡಲು ಸೇರುವ ಜಾಗದಲ್ಲಿ. ಅಲ್ಲಿ ಹೊಳೆಯೂ ಕಡಲಿನ ಮಾತು ಕೇಳುತ್ತದೆ. ಭರತಿ ಬಂದರೆ ಉಪ್ಪುನೀರು ಹೊಳೆಯೊಳಕ್ಕೆ ನುಗ್ಗುತ್ತದೆ, ಇಳಿತ ಶುರುವಾದರೆ ಹೊಳೆಯೂ ಇಳಿಯುತ್ತದೆ. ಆಷಾಢದ ನೆರೆಯಲ್ಲಿ ಅಂಗಳಕ್ಕೆ ನೀರು ಬಂದಾಗಲೂ ಅಪ್ಪ ಗಾಬರಿಯಾಗುತ್ತಿರಲಿಲ್ಲ. ಒಂದು ಕೋಲು ನೆಟ್ಟು, ನೀರು ಕೋಲಿನಿಂದ ಎರಡು ಬೆರಳು ಸರಿಯುವುದನ್ನೇ ಕಾಯುತ್ತಿದ್ದ. ಸರಿದರೆ ಸಾಕು, 'ಇಳಿತ ಹಿಡೀತು, ಇನ್ನು ಗಂಜಿ ಕುಡೀರಿ' ಎಂದು ನಮ್ಮನ್ನು ಒಳಗೆ ಕಳಿಸುತ್ತಿದ್ದ. ಒಮ್ಮೆ ಇಳಿಯತೊಡಗಿದ ನೀರು ಆರು ತಾಸು ಇಳಿಯುತ್ತಲೇ ಹೋಗುತ್ತದೆ. ಇದು ನಾನು ಅಕ್ಷರಕ್ಕಿಂತ ಮೊದಲು ಕಲಿತ ವಿದ್ಯೆ.

ನೌಕರಿ ಸಿಕ್ಕಿ ಮೊದಲ ಪೋಸ್ಟಿಂಗ್ ಆದದ್ದು ರಾಯಬಾಗ ತಾಲ್ಲೂಕಿಗೆ. ದಿಗ್ಗೇವಾಡಿಯಿಂದ ಕೆಳಗೆ ಹೊಳೆ ದಂಡೆಗಿದ್ದ ಒಂದು ತೋಟದ ವಸ್ತಿ. ಹನ್ನೆರಡು ಮನೆ, ಸುತ್ತ ಕಬ್ಬು, ಎರಡು ಕೋಣೆಯ ಶಾಲೆ. ಆಗ ನನಗೆ ಇಪ್ಪತ್ತಾರು ವರ್ಷ. ಹೆಡ್‌ಮಾಸ್ತರರಾಗಿದ್ದ ಕಾಂಬಳೆ ಸರ್ ರಾಯಬಾಗದಿಂದ ಗಾಡಿಯ ಮೇಲೆ ಬಂದು ಹೋಗುತ್ತಿದ್ದರು. ಶಿಕ್ಷಕಿಗೆ ಆ ಕಡೆ ಬಾಯಾರು ಅನ್ನುತ್ತಾರೆ. ಬಂದ ದಿನವೇ ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ಬಾಯಾರ, ನಿಮ್ಮಕಿಂತ ಮೊದಲ ನಾಕ ಮಂದಿ ಬಂದು ವರ್ಷ ತುಂಬೂದರಾಗ ವರ್ಗಾ ಮಾಡಿಸಿಕೊಂಡು ಹೋಗ್ಯಾರ. ನೀವೂ ಹ್ವಾದ್ರ ಈ ಶಾಲಿ ಮುಚ್ಚತಾರ. ಒಂದೆರಡು ವರ್ಷ ನಿಂದರ್ರಿ."

ನಿಲ್ಲುತ್ತೇನೆ ಎಂದೆ. ಬಾಡಿಗೆಗೆ ಸಿಕ್ಕದ್ದು ಬೀರಪ್ಪಜ್ಜನ ಮನೆಯ ಪಡಸಾಲೆಗೆ ಹೊಂದಿಕೊಂಡ ಕೋಣೆ. ಅಜ್ಜನಿಗೆ ಎಪ್ಪತ್ತರ ಹತ್ತಿರ. ಹೆಂಡತಿ ತೀರಿಹೋಗಿದ್ದಳು. ಮಗಳು ಕಲ್ಲವ್ವನನ್ನು ಅಲಖನೂರಿಗೆ ಕೊಟ್ಟಿದ್ದರು. ಮಗ ಮಾರುತಿ ಸಾಂಗಲಿಯಲ್ಲಿ ಲಾರಿ ಓಡಿಸುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿದ್ದವರು ಅಜ್ಜ, ಸೊಸೆ ಶೋಭಾ, ಮತ್ತೆ ಅಂಗಳದಾಚೆ ಮುಳ್ಳುಬೇಲಿಯ ದೊಡ್ಡಿಯಲ್ಲಿ ಅರವತ್ತು ಕುರಿ. ಅವು ಅಜ್ಜನ ಅಪ್ಪನ ಕಾಲದಿಂದ ಒಂದಕ್ಕೊಂದು ಹುಟ್ಟಿ ಬಂದ ಹಿಂಡು. ಯಾವ ಕುರಿಯ ಅಜ್ಜಿ ಯಾವುದು ಎಂದು ಅವರು ಹೇಳಬಲ್ಲವರಾಗಿದ್ದರು. ಮಳೆ ಬಿದ್ದ ಸಂಜೆ ದೊಡ್ಡಿಯಿಂದ ಬರುತ್ತಿದ್ದ ಹಸಿ ಉಣ್ಣೆಯ ವಾಸನೆಗೆ ನಾನು ಮೊದಲು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ತಿಂಗಳು ಕಳೆಯುವುದರೊಳಗೆ ಅದಿಲ್ಲದೆ ನಿದ್ದೆ ಬಾರದಾಯಿತು.

ಅಜ್ಜ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕುರಿಗಳನ್ನು ಶಾಲೆಯ ಹಿಂದಿನ ಬಯಲಿಗೆ ಬಿಟ್ಟು, ಕಂಬಳಿ ಹೊದ್ದು ನನ್ನ ತರಗತಿಯ ಕಿಟಕಿಯ ಕೆಳಗೆ ಕೂರುತ್ತಿದ್ದರು. ನಾನು ಹೇಳುವ ಪಾಠವನ್ನೆಲ್ಲ ಕೇಳುತ್ತಿದ್ದರು. ಸಂಜೆ ರೊಟ್ಟಿ ತಿನ್ನುವಾಗ ಪ್ರಶ್ನೆ ಕೇಳುತ್ತಿದ್ದರು. ಅಂಥ ವಿದ್ಯಾರ್ಥಿ ನನಗೆ ಆಮೇಲೆ ಸಿಕ್ಕಿಲ್ಲ.

ಜುಲೈ ಕೊನೆಯ ವಾರ ಕಡಲಿನ ಪಾಠ ಬಂತು. ಪುಸ್ತಕದಲ್ಲಿ 'ಉಬ್ಬರ' ಎಂದಿತ್ತು. ನಮ್ಮೂರಲ್ಲಿ ಅದಕ್ಕೆ ಭರತಿ ಅನ್ನುತ್ತೇವೆ ಎಂದು ಹೇಳಿದ್ದೇ ತಡ, ತರಗತಿ ನಗತೊಡಗಿತು.

"ಬಾಯಾರ, ಭರತಿ ಅಂದ್ರ ಮಿಲಿಟರಿ ಭರತಿ ರೀ. ನಮ್ಮ ಕಾಕಾ ಹೋಗ್ಯಾನ."

"ಇಲ್ರಿ, ದವಾಖಾನಿಗೆ ಭರತಿ ಮಾಡೂದ್ರಿ. ನಮ್ಮ ಆಯಿನ್ನ ಮಿರ್ಜಿಗೆ ಒಯ್ದು ಭರತಿ ಮಾಡ್ಯಾರ."

ನಾನು ಹಲಗೆಯ ಮೇಲೆ ಚಂದ್ರನನ್ನೂ ಭೂಮಿಯನ್ನೂ ಬರೆದೆ. ಕಡಲು ದಿನಕ್ಕೆ ಎರಡು ಸಲ ತುಂಬುತ್ತದೆ, ಎರಡು ಸಲ ಇಳಿಯುತ್ತದೆ, ಇಳಿಯುವುದಕ್ಕೆ ಇಳಿತ ಎನ್ನುತ್ತಾರೆ, ಒಂದು ದಿನವೂ ಅದು ತಪ್ಪಿದ್ದಿಲ್ಲ ಎಂದೆ. ಕಿಟಕಿಯಿಂದ ಅಜ್ಜನ ದನಿ ಬಂತು:

"ಬಾಯಾರ, ಇಳದ ನೀರು ಎಲ್ಲಿಗಿ ಹೋಗತೈತ್ರಿ?"

ಮಕ್ಕಳು ಮತ್ತೆ ನಕ್ಕರು. ನಾನು ನಗಲಿಲ್ಲ, ಉತ್ತರಿಸಿದೆ. ಇನ್ನೊಂದು ದಂಡೆಗೆ ಹೋಗುತ್ತದೆ, ಇಲ್ಲಿ ಇಳಿತವಾದರೆ ಅಲ್ಲಿ ಭರತಿ ಎಂದೆ. ಅವರು ಬಹಳ ಹೊತ್ತು ತಲೆದೂಗಿದರು. ಆ ಸಂಜೆ ಶೋಭಾಳಿಗೆ ಅದನ್ನೇ ಹೇಳುತ್ತಿದ್ದರು: "ನೋಡವಾ, ಹೇಳಿದ ಹೊತ್ತಿಗಿ ಬರತೈತಂತ, ಹೇಳಿದ ಹೊತ್ತಿಗಿ ಹೋಗತೈತಂತ. ನಮ್ಮ ಹೊಳಿಗಿ ಆ ಶಿಸ್ತ ಇಲ್ಲ." ಗೋಡೆಯಾಚೆ ಅದನ್ನು ಕೇಳಿ ನನಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆಯ ಮಾತನ್ನು ಇಲ್ಲಿ ಬಿಡುವಂತಿಲ್ಲ, ಮುಂದಿನದ್ದಕ್ಕೆ ಅದೂ ಒಂದು ಕಾರಣ.

ಶ್ರಾವಣ ಹುಟ್ಟಿತು. ನಮ್ಮಲ್ಲಿ ಮಳೆ ಅಷ್ಟೇನೂ ಇರಲಿಲ್ಲ, ಮೇಲೆ ಮಹಾರಾಷ್ಟ್ರದ ಕಡೆ ಮಾತ್ರ ಎಡೆಬಿಡದೆ ಸುರಿಯುತ್ತಿತ್ತು. ಹೊಳೆ ಕೆಂಪಗಾಯಿತು, ಆಮೇಲೆ ಅಗಲವಾಯಿತು. 'ಹೊಳಿ ಬಂತು' ಎಂದು ಜನ ಹೇಳತೊಡಗಿದರು. ಮನೆಗೆ ನೆಂಟರು ಬಂದರು ಅನ್ನುವ ಹಾಗೆಯೇ ಆ ಮಾತು. ದಂಡೆಯ ಕಬ್ಬಿನ ತುದಿಯಷ್ಟೇ ಕಾಣುವಂತಾದ ದಿನ ವಸ್ತಿಯವರು ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ಮಡ್ಡಿಗೆ, ಅಂದರೆ ಹಳ್ಳದಾಚೆಯ ಎತ್ತರದ ಬಯಲಿಗೆ ಹೊರಟರು. ವಸ್ತಿಯ ಮುಂದೆ ಹೊಳೆ, ಹಿಂದೆ ಹಳ್ಳ. ಹಳ್ಳದ ಮೇಲಿನ ಗಿಡ್ಡ ಸೇತುವೆಯೊಂದೇ ದಾರಿ. ಕಾಂಬಳೆ ಸರ್ ಶಾಲೆಗೆ ರಜೆ ಹೇಳಿ, ನನಗೂ ಹೊರಡಿ ಎಂದರು. ನಾನು ಅಜ್ಜನ ಮನೆಯವರ ಜೊತೆಗೇ ಬರುತ್ತೇನೆ ಎಂದೆ. ನಿಜ ಹೇಳಬೇಕೆಂದರೆ, ನೀರು ನೋಡಿ ಓಡುವುದು ಅಪ್ಪನ ಮಗಳಿಗೆ ನಾಚಿಕೆಯ ವಿಷಯವಾಗಿ ಕಂಡಿತ್ತು.

ಕುರಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರುವಂತಿರಲಿಲ್ಲ, ನಡೆಸಿಕೊಂಡೇ ಹೋಗಬೇಕು. ಹಿಂದಿನ ವಾರವಷ್ಟೇ ಏಳೆಂಟು ಕುರಿ ಈದಿದ್ದವು. ಹಿಂದಿನ ವರ್ಷವೂ ಹೀಗೇ ಹೊಳೆ ಬಂತೆಂದು ಮಡ್ಡಿಗೆ ಹೋಗಿ, ಬಯಲಿನ ಗಾಳಿಮಳೆಗೆ ಐದು ಮರಿ ಸತ್ತಿದ್ದವು. ಹೊಳೆ ಮಾತ್ರ ಅಂಗಳಕ್ಕೂ ಬಾರದೆ ತಿರುಗಿಹೋಗಿತ್ತು. ಆದ್ದರಿಂದ ಅಜ್ಜ ಒಂದು ದಿನ ತಡೆದರು. ಶೋಭಾ ನಾಗರ ಪಂಚಮಿಗೆಂದು ಶೇಂಗಾ ಹುರಿಯುತ್ತಿದ್ದಳು, ಅಳ್ಳಿಟ್ಟು ಬೀಸಿ ಇಟ್ಟಿದ್ದಳು.

ಮರುದಿನ ಬೆಳಗಾಗುವಾಗ ನೀರು ಶಾಲೆಯ ಕಟ್ಟೆಯ ಬುಡ ಮುಟ್ಟಿತ್ತು. ನಾನು ಕಟ್ಟೆಯ ಪಕ್ಕ ಒಂದು ಕೋಲು ನೆಟ್ಟೆ. ಮಧ್ಯಾಹ್ನದವರೆಗೆ ನೀರು ಕೋಲನ್ನು ಏರಿತು. ಊಟದ ಹೊತ್ತಿಗೆ ನಿಂತಿತು. ಮೂರು ಗಂಟೆಗೆ ಹೋಗಿ ನೋಡಿದರೆ ನಾಲ್ಕು ಬೆರಳು ಇಳಿದಿತ್ತು. ಅಪ್ಪ ಅಂಗಳದಲ್ಲಿ ನಿಂತು ಹೇಳುತ್ತಿದ್ದ ಮಾತು ಬಾಯಿಗೆ ತಾನಾಗಿ ಬಂತು. ಓಡಿಬಂದು ಹೇಳಿದೆ:

"ಅಜ್ಜಾ, ಇಳಿತ ಹಿಡಿದಿದೆ."

ಅವರು ನನ್ನ ಜೊತೆ ಬಂದು ಕೋಲನ್ನು ನೋಡಿದರು. ಕುಕ್ಕರಗಾಲಲ್ಲಿ ಕೂತು ನೀರಿಗೆ ಕೈಯಿಟ್ಟರು. ಹೊಳೆಯ ನಡುವನ್ನು ಬಹಳ ಹೊತ್ತು ನೋಡಿದರು.

"ನನಗ್ಯಾಕೋ ಇದು ಇಳ್ಯಾಕತ್ತಂಗ ಕಾಣಂಗಿಲ್ರಿ ಬಾಯಾರ. ದಮ್ಮ ತಗೊಳ್ಳಾಕತ್ತಂಗ ಕಾಣತೈತಿ. ದಮ್ಮ ತಗೊಂಡು ಮತ್ತ ಬರತೈತಿ ಹೊಳಿ."

"ನಾಲ್ಕು ಬೆರಳು ಇಳಿದಿದೆಯಲ್ಲ ಅಜ್ಜಾ."

"ಖರೇ ಐತಿ. ಇಳದೈತಿ." ಅವರು ನನ್ನ ಮುಖ ನೋಡಿದರು. "ನೀವು ನೀರಿನ ಮಂದಿ. ನಿಮ್ಮ ಪುಸ್ತಕದಾಗ ಹ್ಯಾಂಗ ಐತ್ರಿ ಇದು?"

ಆ ಗಳಿಗೆಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ಹಿಂದಕ್ಕೆ ಎಳೆದು ನೋಡಿದ್ದೇನೆ. ಪುಸ್ತಕದಲ್ಲಿರುವುದು ಕಡಲಿನ ಮಾತು, ನಿಮ್ಮ ಹೊಳೆಯನ್ನು ನಾನು ಅರಿಯೆ ಎಂದು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು, ಉಳಿದದ್ದನ್ನು ಅವರೇ ನಿರ್ಧರಿಸುತ್ತಿದ್ದರು. ನಾನು ಹೇಳಿದ್ದು ಹೀಗೆ:

"ಒಮ್ಮೆ ಇಳಿಯೋಕೆ ಶುರುವಾದರೆ ಇಳೀತಾನೇ ಹೋಗ್ತದೆ. ಬೆಳಗ್ಗೆ ನೋಡಿ, ಕಟ್ಟೆ ಬಿಟ್ಟು ಕೆಳಗಿರ್ತದೆ."

ಶಾಲೆಗೆ ಎದುರಾಗಿದ್ದ ಮನೆಯ ಬಾಗಿಲಲ್ಲಿ ನಿಂತಿದ್ದ ಶೋಭಾ, "ಬಾಯಾರು ಹೇಳಾಕತ್ತಾರಲ್ರಿ ಮಾಮಾ. ಈ ಮಳಿಯಾಗ ಸಣ್ಣ ಮರಿ ತಗೊಂಡು ಎಲ್ಲಿ ಹೋಗೂದು" ಎಂದಳು.

ಅಷ್ಟರಲ್ಲಿ ಸಾಂಗಲಿಯಿಂದ ಮಾರುತಿಯ ಫೋನು ಬಂತು. ಅವನು ಜೋರಾಗಿ ಮಾತನಾಡುವವನು, ದೂರದಲ್ಲಿದ್ದ ನನಗೂ ಕೇಳುತ್ತಿತ್ತು. ಇಲ್ಲಿ ನೀರು ರಸ್ತೆಗೆ ಬಂದೈತಿ, ನೀವು ಈಗಿಂದೀಗ ಮಡ್ಡಿಗೆ ಹೋಗ್ರಿ ಅನ್ನುತ್ತಿದ್ದ. ಅಜ್ಜ ಕೋಲಿನ ಕಡೆ ನೋಡುತ್ತ, "ಇಲ್ಲಿ ಇಳ್ಯಾಕತ್ತೈತೋ ತಮ್ಮಾ. ಮುಂಜಾನೆ ನೋಡತೀನಿ" ಎಂದರು. ಬಾಯಾರು ಹೇಳ್ಯಾರ ಎಂದು ಹೇಳಲಿಲ್ಲ. ಅವರಿಗೆ ಆಗ ಅದು ಹೇಳಬೇಕಾದ ಮಾತೆಂದು ಅನ್ನಿಸಿರಲಿಕ್ಕಿಲ್ಲ.

ಬೆಳಕು ಹರಿಯುವಾಗ ಕುರಿಗಳ ಕೂಗಿಗೆ ಎಚ್ಚರವಾಯಿತು. ಎದ್ದು ಕಾಲಿಟ್ಟರೆ ಕೋಣೆಯ ನೆಲ ತಣ್ಣಗೆ ಒದ್ದೆಯಾಗಿತ್ತು. ಅಂಗಳದಲ್ಲಿ ಮೊಣಕಾಲು ನೀರು. ಅಜ್ಜ ಆಗಲೇ ದೊಡ್ಡಿ ತೆರೆದು ಹಿಂಡನ್ನು ಹಳ್ಳದ ಕಡೆ ಹೊಡೆಯುತ್ತಿದ್ದರು. ನಾವು ಮರಿಗಳನ್ನು ಎತ್ತಿಕೊಂಡು ಹಿಂದೆ ಹೋದೆವು. ಹೊಳೆಯ ನೀರು ಹಳ್ಳಕ್ಕೆ ಹಿಮ್ಮುಖವಾಗಿ ನುಗ್ಗಿತ್ತು. ಸೇತುವೆ ಇದ್ದಲ್ಲಿ ಸೇತುವೆಯಿರಲಿಲ್ಲ, ಕೆಂಪು ನೀರು ಸುಳಿ ತಿರುಗುತ್ತಿತ್ತು. ಮುಂದಿನ ಟಗರು ನೀರಿಗಿಳಿಯಿತು, ಅದನ್ನು ನೋಡಿ ಹತ್ತಾರು ಕುರಿ ಇಳಿದವು. ಟಗರಿನ ತಲೆ ಒಂದಷ್ಟು ದೂರ ಕಂಡಿತು, ಆಮೇಲೆ ಕಾಣಲಿಲ್ಲ. ಅಜ್ಜ ಉಳಿದವನ್ನು ತಿರುಗಿಸಿದರು. ಹೇಗೆ ತಿರುಗಿಸಿದರೋ ನನಗೆ ಗೊತ್ತಿಲ್ಲ, ಎದೆಮಟ್ಟದ ನೀರಿನಲ್ಲಿ ನಿಂತು ಒಂದೊಂದನ್ನೇ ಕಿವಿ ಹಿಡಿದು ನೂಕುತ್ತಿದ್ದರು.

ಶಾಲೆಯ ಕಟ್ಟೆಯೇ ಎತ್ತರದ ಜಾಗ. ಹಿಂಡನ್ನು ಅಲ್ಲಿಗೆ ಹತ್ತಿಸಿ, ನಾವು ಮೂವರೂ ಬೆಂಚುಗಳನ್ನು ಒಂದರ ಮೇಲೊಂದಿಟ್ಟು ವರಾಂಡದಲ್ಲಿ ನಿಂತೆವು. ಮಧ್ಯಾಹ್ನ ರಬ್ಬರ್ ದೋಣಿ ಬಂತು. ಅದರಲ್ಲಿದ್ದವರು ಮನುಷ್ಯರನ್ನಷ್ಟೇ ಹತ್ತಿಸಿಕೊಳ್ಳುತ್ತೇವೆ ಎಂದರು. ಅವರದು ತಪ್ಪಲ್ಲ, ಇನ್ನೂ ಎಷ್ಟೋ ವಸ್ತಿಗಳಿಗೆ ಹೋಗಬೇಕಿತ್ತು. ಅಜ್ಜ ಹತ್ತಲು ಒಪ್ಪಲಿಲ್ಲ. "ನೀವು ಹೋಗ್ರಿ, ನಾ ಇವುಗಳ ಸಂಗಡ ಇರತೀನಿ" ಎಂದು ಕಂಬ ಹಿಡಿದು ನಿಂತರು. ಶೋಭಾ ಮಾವನ ಕಾಲು ಹಿಡಿದಳು. ಕಡೆಗೆ ಇಬ್ಬರು ಯುವಕರು ಅವರನ್ನು ಎತ್ತಿ ಕೂರಿಸಿದರು. ಶೋಭಾ ಸೆರಗಿನೊಳಗೆ ಎರಡು ಮರಿ ಅವಚಿಕೊಂಡಿದ್ದಳು, ದೋಣಿಯವರು ನೋಡಿಯೂ ನೋಡದಂತಿದ್ದರು.

ದೋಣಿ ಹೊರಟಾಗ ಕುರಿಗಳು ಕೂಗಲಿಲ್ಲ. ಅಜ್ಜ ಎಲ್ಲಿಗೋ ಹೋಗಿ ಬರುತ್ತಾರೆ ಎಂದುಕೊಂಡವೋ ಏನೋ, ಸುಮ್ಮನೆ ನಿಂತು ನಮ್ಮನ್ನೇ ನೋಡುತ್ತಿದ್ದವು. ಅಜ್ಜ ಅವುಗಳ ಕಡೆ ಬೆನ್ನು ಮಾಡಿ ಕೂತರು. ನಾನು ಅಜ್ಜನ ಮುಖವನ್ನು ನೋಡಲಾರದೆ ಕುರಿಗಳನ್ನು ನೋಡುತ್ತಿದ್ದೆ, ಕುರಿಗಳನ್ನು ನೋಡಲಾರದೆ ನೀರನ್ನು ನೋಡುತ್ತಿದ್ದೆ.

ರಾಯಬಾಗದ ಒಂದು ದೊಡ್ಡ ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದಿದ್ದರು. ಮಡ್ಡಿಗೆ ಹೋಗಿದ್ದ ನಮ್ಮ ವಸ್ತಿಯವರನ್ನೂ ಅಲ್ಲಿಗೇ ತಂದರು. ಎರಡನೆಯ ದಿನಕ್ಕೆ ಸುದ್ದಿ ಬಂತು, ಶಾಲೆಯ ಚಾವಣಿಯವರೆಗೆ ನೀರು ಹತ್ತಿದೆ ಎಂದು. ಆಮೇಲೆ ಜನ ಮಾತನಾಡತೊಡಗಿದರು. ಕೆಟ್ಟ ಮನಸ್ಸಿನಿಂದಲ್ಲ, ಹೊತ್ತು ಹೋಗಬೇಕಲ್ಲ.

"ಇಷ್ಟ ವಯಸ್ಸಾಗೇತಿ, ಹೊಳಿ ತಿಳೀಲಿಲ್ಲೇನು ಬೀರಪ್ಪಗ?"

"ನಾವೆಲ್ಲಾ ಹ್ವಾದ್ವಿ. ಒಬ್ಬಾಂವ ಹಟ ಮಾಡಿ ಕುಂತ. ಸೊಸೀನ್ನೂ ಬಾಯಾರನ್ನೂ ಕೊಲ್ಲತಿದ್ದ."

ಅಜ್ಜ ಗೋಡೆಗೊರಗಿ ಕೂತು ಕೇಳುತ್ತಿದ್ದರು. "ಹೌದಪಾ, ನಾನ ತಡಾ ಮಾಡಿದೆ" ಎನ್ನುತ್ತಿದ್ದರು. ಅಷ್ಟೇ.

ರಸ್ತೆ ತೆರೆದ ಮೇಲೆ ಮಾರುತಿ ಸುತ್ತುಬಳಸಿ ಬಂದು ಸೇರಿದ. ಅಪ್ಪನನ್ನು ನೋಡಿದ್ದೇ ಹತ್ತಿರ ಬಂದು ನಿಂತ. ಅತ್ತುಬಿಡುತ್ತಾನೆ ಎಂದುಕೊಂಡೆ. ಅವನು ಅಳಲಿಲ್ಲ.

"ನಾ ಫೋನ್ ಮಾಡಿ ಹೇಳಿದ್ನಿಲ್ಲೊ. ಇಳ್ಯಾಕತ್ತೈತಿ ಅಂದಿ. ಹುಟ್ಟಿದಾಗಿಂದ ಹೊಳಿ ದಂಡೀಗಿ ಅದಿ, ಇಳ್ಯೂದು ಯಾವದು, ದಮ್ಮ ತಗೊಳ್ಳೂದು ಯಾವದು ನಿನಗ ತಿಳೀಲಿಲ್ಲ? ನನ್ನ ಹೇಣತಿ ಸತ್ತಿದ್ರ ಏನ್ ಮಾಡಾಂವಿದ್ದಿ?"

ಸುತ್ತ ಇಡೀ ವಸ್ತಿ ಕೂತಿತ್ತು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಚಾಪೆ ಸುತ್ತುತ್ತಿದ್ದೆ. ಎದ್ದು ನಿಂತೆ. 'ಮಾರುತಿ, ಹೇಳಿದ್ದು ನಾನು' ಎಂಬ ಮಾತು ತುಟಿಗೆ ಬಂದಿತ್ತು. ಅಜ್ಜ ನನ್ನ ಕಡೆ ನೋಡಿದರು.

"ಬಾಯಾರ, ನೀವು ಒಳಗ ಹೋಗ್ರಿ. ಹುಡುಗೂರು ಅಳಾಕತ್ತಾವ, ಏನಾರ ಕಥಿ ಹೇಳ್ರಿ."

ಒಳಗೆ ಯಾವ ಮಗುವೂ ಅಳುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಹೋದೆ. ಅವರು ಬಾಗಿಲು ತೆರೆದುಕೊಟ್ಟರು, ನಾನು ನುಸುಳಿ ತಪ್ಪಿಸಿಕೊಂಡೆ. ಮಕ್ಕಳ ನಡುವೆ ಕೂತು ಕಥೆ ಹೇಳಿದೆ. ಯಾವ ಕಥೆ ಹೇಳಿದೆನೆಂದು ಈಗ ನೆನಪಿಲ್ಲ. ಹೊರಗೆ ಮಾರುತಿಯ ದನಿ ಏರುತ್ತಿದ್ದುದು, ಅಜ್ಜನ ದನಿ ಒಮ್ಮೆಯೂ ಕೇಳದಿದ್ದುದು ನೆನಪಿದೆ.

ನೀರು ಹೋದ ಮೇಲೆ ವಸ್ತಿಗೆ ಮರಳಿದೆವು. ನಾನು ಬಲ್ಲ ಕಡಲು ಹಿಂದೆ ಸರಿದಾಗ ಮರಳನ್ನು ತೊಳೆದು ಬಿಟ್ಟುಹೋಗುತ್ತದೆ. ಈ ಹೊಳೆ ಮೊಣಕಾಲುದ್ದದ ರೇವೆಮಣ್ಣು ಬಿಟ್ಟಿತ್ತು, ಕೊಳೆತ ಕಬ್ಬಿನ ವಾಸನೆ ಬಿಟ್ಟಿತ್ತು. ಅಜ್ಜನ ಮನೆಯ ಎರಡು ಗೋಡೆ ನಿಂತಿದ್ದವು. ಶಾಲೆಯ ಕಟ್ಟೆಯ ಮೇಲೆ ಏನು ಉಳಿದಿತ್ತೆಂದು ಬರೆಯಲಾರೆ. ಅಜ್ಜನೂ ಮಾರುತಿಯೂ ಗುಂಡಿ ತೋಡಿದರು, ಪಕ್ಕಪಕ್ಕದಲ್ಲೇ ನಿಂತು ಒಂದು ಮಾತೂ ಆಡದೆ. ಮಾರುತಿ ಲಾರಿ ಬಿಟ್ಟು ಬಂದು, ಮಡ್ಡಿಯಲ್ಲಿ ತಗಡಿನ ಶೆಡ್ಡು ಹಾಕಿ ಆಕಳು ಕಟ್ಟಿದ. ಶೋಭಾ ಉಳಿಸಿದ್ದ ಎರಡು ಮರಿಗಳನ್ನು ಅಜ್ಜ ಹೆಗಲ ಮೇಲೆ ಹೊತ್ತು ಅಲಖನೂರಿಗೆ, ಮಗಳ ಮನೆಗೆ ಹೋದರು. ನಾಲ್ಕು ದಿನಕ್ಕೆಂದು ಹೋದವರು ಮರಳಲಿಲ್ಲ. ಮಾರುತಿ ಕರೆಯಲೂ ಹೋಗಲಿಲ್ಲ.

ಹೋಗುವ ಮುಂಜಾನೆ ಅವರು ಶಾಲೆಗೆ ಬಂದಿದ್ದರು. ನಾನು ಮಕ್ಕಳ ಜೊತೆ ರೇವೆ ಎತ್ತಿಹಾಕುತ್ತಿದ್ದೆ. ಇಬ್ಬರೇ ಇದ್ದೆವು ಎನ್ನುವಷ್ಟು ದೂರ ನಡೆದು ನಾನು ಬಾಯಿಬಿಟ್ಟೆ.

"ಅಜ್ಜಾ, ಮಾರುತಿಗೆ ನಾನು ಹೇಳ್ತೇನೆ."

"ಏನ ಹೇಳತೀರಿ? ನೀವು ಒತ್ತಾಯ ಮಾಡಿದ್ರೇನು? ಕೇಳಿದಾಂವ ನಾನು. ಕುರಿ ನನ್ನವು, ಹೊಳಿ ನನ್ನದು." ಮರಿಯೊಂದು ಕೊಸರಾಡಿತು, ಅದರ ಕಾಲು ಸರಿಮಾಡಿದರು. "ಶಾಲಿ ಬಿಟ್ಟು ಹೋಗಬ್ಯಾಡ್ರಿ."

ಮುಂದಿನ ವರ್ಷವೇ ಹೋದೆ. ನಿಪ್ಪಾಣಿ ಕಡೆಗೆ ಅರ್ಜಿ ಹಾಕಿ ವರ್ಗಾವಣೆ ಮಾಡಿಸಿಕೊಂಡೆ. ಊರಿಗೆ ಹೋಗಿ ಬರಲು ಅನುಕೂಲ ಎಂದು ಎಲ್ಲರಿಗೂ ಹೇಳಿದೆ. ಅಲ್ಲಿಂದ ಅಲಖನೂರೇನು ದೂರವಲ್ಲ. ಹೋಗಬೇಕು, ಅಜ್ಜನನ್ನು ನೋಡಬೇಕು, ಮಾರುತಿಗೆ ಹೇಳಬೇಕು ಎಂದುಕೊಳ್ಳುತ್ತಲೇ ಎರಡು ವರ್ಷ ಹೋಯಿತು. ಒಂದು ದಿನ ಕಾಂಬಳೆ ಸರ್ ಫೋನಿನಲ್ಲಿ ಬೇರೇನೋ ಮಾತನಾಡುತ್ತ, ಬೀರಪ್ಪಜ್ಜ ತೀರಿಕೊಂಡರೆಂದು ಹೇಳಿದರು. ಮಾರುತಿ ಮಣ್ಣಿಗೆ ಬಂದಿದ್ದನಂತೆ. ಕಲ್ಲವ್ವ ತಮ್ಮನಿಗೆ ನೀರು ಕೂಡ ಕುಡಿ ಅನ್ನಲಿಲ್ಲವಂತೆ. ವಸ್ತಿಯ ಶಾಲೆಯೂ ಆ ವರ್ಷವೇ ಮುಚ್ಚಿತು.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಮಕ್ಕಳಿಗೆ ಪದಗಳ ಅರ್ಥ ಹೇಳಿದೆ. ಆ ಹುಡುಗಿಯ ನೋಟ್‌ಬುಕ್ಕು ತಿದ್ದಲಾಗದೆ ಇಟ್ಟ ವಾರದ ರವಿವಾರ, ಚಿಕ್ಕೋಡಿಯ ಮೇಲೆ ರಾಯಬಾಗದ ಬಸ್ಸು ಹಿಡಿದು ಮಾರುತಿಯ ಮನೆಗೆ ಹೋದೆ.

ಮಡ್ಡಿಯಲ್ಲಿ ಈಗ ಸ್ಲ್ಯಾಬಿನ ಮನೆ. ಶೆಡ್ಡಿನಲ್ಲಿ ಆರು ಆಕಳು. ಶೋಭಾ ದೂರದಿಂದಲೇ ಗುರುತು ಹಿಡಿದಳು. ಕೈ ಹಿಡಿದು ಒಳಗೆ ಕರೆದಳು. ಮಾರುತಿ ಮೇವು ಕತ್ತರಿಸುತ್ತಿದ್ದಾನೆ, ಬರುತ್ತಾನೆ ಎಂದಳು. ಚಹಾಕ್ಕೆ ಇಡುತ್ತ ನನ್ನ ಮುಖ ನೋಡಿದವಳಿಗೆ ನಾನೇಕೆ ಬಂದೆನೆಂದು ತಿಳಿಯಿತು ಎಂದು ತೋರುತ್ತದೆ. ದನಿ ತಗ್ಗಿಸಿದಳು.

"ಬ್ಯಾಡ್ರಿ ಬಾಯಾರ. ಈಗ ಹೇಳಿ ಏನ ಬರತೈತಿ?"

"ಅವನಿಗೆ ಗೊತ್ತಾಗಬೇಕಲ್ಲ ಶೋಭಾ."

"ಗೊತ್ತಾದ್ರ ನನ್ನೂ ಕೇಳತಾನ."

ಆ ಮಧ್ಯಾಹ್ನ ಬಾಗಿಲಲ್ಲಿ ಅವಳೂ ನಿಂತಿದ್ದಳು ಎಂಬುದನ್ನು ನಾನು ಅದುವರೆಗೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ತಪ್ಪು ನನ್ನೊಬ್ಬಳದೇ ಎಂಬಂತೆ ಹೊತ್ತು ತಿರುಗಿದ್ದೆ. ಎದ್ದು ಹೋಗಬಹುದಿತ್ತು. ಮಾರುತಿ ಕೈ ತೊಳೆದುಕೊಂಡು ಒಳಗೆ ಬಂದ. ಕಿವಿಯ ಪಕ್ಕದಲ್ಲಿ ಕೂದಲು ಬೆಳ್ಳಗಾಗಿತ್ತು, ಕೂರುವ ರೀತಿ ಥೇಟ್ ಅಪ್ಪನದು. ಆರಾಮದೀರೇನು ಎಂದು ಕೇಳಿದ. ನಾನು ಹೇಳಿದೆ. ಕೋಲು ನೆಟ್ಟದ್ದು, ನಾಲ್ಕು ಬೆರಳು, ನಿಮ್ಮ ಪುಸ್ತಕದಲ್ಲಿ ಹೇಗಿದೆ ಎಂದು ಅಜ್ಜ ಕೇಳಿದ್ದು, ನಾನು ಉತ್ತರಿಸಿದ್ದು, ಗಂಜಿ ಕೇಂದ್ರದಲ್ಲಿ ಅವರು ನನ್ನನ್ನು ಒಳಗೆ ಕಳಿಸಿದ್ದು. ಅವನು ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಕೇಳಿದ. ಮುಗಿದ ಮೇಲೆ ನನ್ನ ಕಡೆ ನೋಡಲಿಲ್ಲ, ಹೆಂಡತಿಯ ಕಡೆ ನೋಡಿದ.

"ನಿನಗೂ ಗೊತ್ತಿತ್ತು."

"ಮಾಮಾ ಆಣಿ ಹಾಕಿಸಿದ್ರು" ಎಂದಳು ಶೋಭಾ. "ಬಾಯಾರು ಒಬ್ಬರ ಬಂದಾರ, ಅವರ ಹೆಸರ ಬಂದ್ರ ಮಂದಿ ಬಿಡೂದಿಲ್ಲ, ಅವರು ಹ್ವಾದ್ರ ಶಾಲಿ ಮುಚ್ಚತೈತಿ ಅಂದ್ರು."

"ಅಪ್ಪ ಸತ್ತ ಮ್ಯಾಲೆ?"

"ಅವತ್ತ ಇರೂಣು ಅಂದಾಕಿ ನಾನೂ ಅದೀನಿ. ಹ್ಯಾಂಗ ಹೇಳಲಿ?"

ಮಾರುತಿ ಕಪ್ಪು ಕೆಳಗಿಟ್ಟು ಹೊರಗೆ ಹೋದ. ಶೆಡ್ಡಿನಲ್ಲಿ ಬಕೆಟ್ಟು ಸದ್ದಾಯಿತು. ನಾನೂ ಶೋಭಾಳೂ ಒಬ್ಬರನ್ನೊಬ್ಬರು ನೋಡದೆ ಕೂತಿದ್ದೆವು. ಅವಳ ಸಂಸಾರದಲ್ಲಿ ಇಷ್ಟು ದಿನ ಇಲ್ಲದಿದ್ದ ಒಂದು ಬಿರುಕನ್ನು ತಂದಿಟ್ಟು, ನನ್ನ ಭಾರ ಇಳಿಸಿಕೊಳ್ಳಲು ಬಂದೆನಲ್ಲ ಅನ್ನಿಸಿತು. ಆದರೆ ಭಾರವೂ ಇಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಬೇರೆ ಅಂಗಿ ಹಾಕಿಕೊಂಡು ಬಂದು ನಿಂತ. ಕೈಯಲ್ಲಿ ಬೈಕಿನ ಚಾವಿಯಿತ್ತು.

"ಮೂರು ವರ್ಷ ಅಪ್ಪ ಅಲಖನೂರಾಗಿದ್ದ ರೀ ಬಾಯಾರ. ಗಾಡಿ ಮ್ಯಾಲೆ ಎಷ್ಟ ದಾರಿ? ನಾ ಹೋಗಲಿಲ್ಲ. ತಪ್ಪ ಅವಂದು, ಅವನ ಬರಲಿ ಅಂತ ಕುಂತೆ. ಇದನ್ನ ಅವ ಇದ್ದಾಗ ಹೇಳಬೇಕಿತ್ರಿ" ಎಂದ.

"ಹೌದು" ಎಂದೆ.

"ಏಳ್ರಿ."

ಬಸ್ಸಿಗೆ ಬಿಡುತ್ತಾನೆ ಎಂದುಕೊಂಡು ಗಾಡಿಯ ಹಿಂದೆ ಕೂತೆ. ಶೋಭಾ ಬಾಗಿಲಿಗೆ ಬರಲಿಲ್ಲ. ಬಸ್ಸು ನಿಲ್ಲುವ ಜಾಗ ಬಂತು, ಗಾಡಿ ನಿಲ್ಲಲಿಲ್ಲ. ಎರಡೂ ಕಡೆ ಆಳೆತ್ತರದ ಕಬ್ಬಿನ ನಡುವಿನ ರಸ್ತೆಯಲ್ಲಿ ಅವನು ಗಾಡಿ ಓಡಿಸುತ್ತಿದ್ದ. ಅಲಖನೂರಿನ ಹಾದಿಗೆ ಹೊರಳಿದಾಗ ನನಗೆ ಅರ್ಥವಾಯಿತು.

ಒಂದು ಹೆಂಚಿನ ಮನೆಯ ಮುಂದೆ ಗಾಡಿ ನಿಂತಿತು. ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು. ತಮ್ಮನನ್ನು ನೋಡಿದ ಅವಳ ಮುಖ ಕಲ್ಲಾಯಿತು. ಮಾರುತಿ ಅಂಗಳಕ್ಕೆ ಕಾಲಿಡದೆ ಹೊರಗೇ ನಿಂತ.

"ಅಕ್ಕಾ, ಇವರು ನಮ್ಮ ಶಾಲಿ ಬಾಯಾರು. ಅಪ್ಪಂದು ಒಂದು ಮಾತ ಐತಂತ. ಕೇಳು. ಕೇಳಿದ ಮ್ಯಾಲೆ ನನಗ ಏನ ಬೈಯೂದೈತಿ ಬೈ."

ಕಲ್ಲವ್ವ ಮೊರ ಪಕ್ಕಕ್ಕಿಟ್ಟಳು. ಒಳಗೆ ಹೋಗಿ ಒಂದು ಕಂಬಳಿ ತಂದು ಕಟ್ಟೆಯ ಮೇಲೆ ಹಾಸಿ, ನನಗೆ ಕೂರಲು ಹೇಳಿದಳು. ತಮ್ಮನಿಗೆ ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಕೂತು, ಮೊದಲಿನಿಂದ ಹೇಳತೊಡಗಿದೆ.